ಹೇಳಿಕೆ ಕಾಗದದಲ್ಲಿ ಮಿಲಿಟ್ರಿಯವರ ಹೆಸರು: ರ‍್ಯಾಂಕ್ ಬರೆಯುವ ಕ್ರಮ, ವಿವರ ಮುಚ್ಚುವ ಕ್ರಮ

ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಪೈವಳಿಕೆ, ಎಲ್ಲಿಯದಾದರೂ ಸರಿ, ದೇವಸ್ಥಾನದ ಒಂದು ಬ್ರಹ್ಮಕಲಶದ ಹೇಳಿಕೆ ಕಾಗದ, ಅಂದರೆ ಆಮಂತ್ರಣ, ಬಿಡಿಸಿ ನೋಡಿ. ಒಳಪುಟದ ಹೆಸರುಗಳ ಉದ್ದ ಸಾಲಿನಲ್ಲಿ ಮಿಲಿಟ್ರಿಯವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಒಬ್ಬರಿಗೆ 'ಶ್ರೀ ಕ್ಯಾಪ್ಟನ್', ಇನ್ನೊಬ್ಬರಿಗೆ 'ನಿ. ಮಿಲಿಟ್ರಿ', ಮತ್ತೊಬ್ಬರಿಗೆ ಬರೀ 'ಯೋಧ'. ಅದೇ ಊರಿನ ಕವಲಿನಲ್ಲಿ ಕಟ್ಟಿದ ಫ್ಲೆಕ್ಸಿನಲ್ಲಾದರೆ ರಜೆಗೆ ಬರುವ ಹುಡುಗನ ಬೆಟಾಲಿಯನ್ ಸಂಖ್ಯೆ, ಅವನು ಕಾಯುವ ಗಡಿ, ರೈಲು ಇಳಿಯುವ ಹೊತ್ತು, ಮನೆಯ ಹೆಸರು ಎಲ್ಲವೂ ದಪ್ಪಕ್ಷರದಲ್ಲಿ. ಪೂರ್ತಿ ಬರೆಯಬೇಕಾದ್ದು ಅರ್ಧ, ಮುಚ್ಚಬೇಕಾದ್ದು ಪೂರ್ತಿ.

ನೆನಪಿಡಬೇಕಾದ ಮಾತು ಚಿಕ್ಕದು: ರ‍್ಯಾಂಕನ್ನು ಒಂದಕ್ಷರ ಬಿಡದೆ ಬರೆಯಿರಿ, ಸೇವೆಯಲ್ಲಿ ಇರುವವರ ಜಾಗವನ್ನು ಒಂದಕ್ಷರವೂ ಬರೆಯಬೇಡಿ. ಕಾಗದ ಮಾಡಿಸುವ ಮನೆಯವರು, ಡಿಟಿಪಿ ಮಾಡುವವರು, ಸಮಿತಿಯ ಕಾರ್ಯದರ್ಶಿ, ಮೈಕ್ ಹಿಡಿಯುವ ನಿರೂಪಕರು, ಈ ನಾಲ್ವರ ಕೈಯಲ್ಲಿ ಆಗುವ ತಪ್ಪುಗಳನ್ನು ಒಂದೊಂದಾಗಿ ಬಿಡಿಸೋಣ.

ಮೊದಲ ಹೆಜ್ಜೆ: ಯಾವ ಪಡೆ ಎಂದು ಕೇಳಿ

ನಮ್ಮಲ್ಲಿ ಖಾಕಿಯೋ ಹಸಿರೋ ಬಟ್ಟೆ ತೊಟ್ಟು ಊರು ಬಿಟ್ಟವರೆಲ್ಲ 'ಮಿಲಿಟ್ರಿ'. ಕಾಗದಕ್ಕೆ ಅಷ್ಟು ಸಾಲದು. ಭೂಸೇನೆ, ನೌಕಾಪಡೆ, ವಾಯುಪಡೆ, ಈ ಮೂರು ರಕ್ಷಣಾ ಸಚಿವಾಲಯದ ಸಶಸ್ತ್ರ ಪಡೆಗಳು. ಕರಾವಳಿ ಕಾವಲು ಪಡೆಯೂ ಅದೇ ಸಚಿವಾಲಯದ್ದು, ಆದರೆ ಅದರ ರ‍್ಯಾಂಕ್‌ಗಳು ಬೇರೆ: ಕೆಳಗೆ ನಾವಿಕ್, ಉತ್ತಮ್ ನಾವಿಕ್, ಪ್ರಧಾನ್ ನಾವಿಕ್, ಅಧಿಕಾರಿಗಳಲ್ಲಿ ಅಸಿಸ್ಟೆಂಟ್ ಕಮಾಂಡೆಂಟ್, ಡೆಪ್ಯುಟಿ ಕಮಾಂಡೆಂಟ್, ಕಮಾಂಡೆಂಟ್.

ಸಿಆರ್‌ಪಿಎಫ್, ಬಿಎಸ್‌ಎಫ್, ಸಿಐಎಸ್‌ಎಫ್, ಐಟಿಬಿಪಿ, ಎಸ್‌ಎಸ್‌ಬಿ ಇವು ಗೃಹ ಸಚಿವಾಲಯದ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳು (ಸಿಎಪಿಎಫ್). ಇಲ್ಲಿ ಸುಬೇದಾರ್, ಹವಾಲ್ದಾರ್ ಇಲ್ಲ; ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್, ಎಎಸ್‌ಐ, ಎಸ್‌ಐ, ಇನ್‌ಸ್ಪೆಕ್ಟರ್, ಕೆಲವು ಪಡೆಗಳಲ್ಲಿ ಸುಬೇದಾರ್ ಮೇಜರ್, ಅದರ ಮೇಲೆ ಅಸಿಸ್ಟೆಂಟ್ ಕಮಾಂಡೆಂಟ್. ಪಯ್ಯನ್ನೂರಿನ ಆಚೆ ಪೆರಿಂಗೋಮ್‌ನಲ್ಲಿ ಸಿಆರ್‌ಪಿಎಫ್ ತರಬೇತಿ ಕೇಂದ್ರ ಇರುವುದರಿಂದ ಈ ಪಡೆಯವರು ನಮ್ಮ ಕಡೆಯ ಕಾರ್ಯಕ್ರಮಗಳಿಗೆ ಅತಿಥಿಗಳಾಗಿ ಬರುವುದುಂಟು. ಅವರನ್ನು 'ಭಾರತೀಯ ಸೇನೆಯ ಅಧಿಕಾರಿ' ಎಂದು ಬರೆದರೆ ಅವರಿಗೆ ಖುಷಿಯಾಗುವುದಿಲ್ಲ; ತಮ್ಮ ಪಡೆಯ ಹೆಸರು ಅಳಿಸಿದಂತಾಗುತ್ತದೆ. ನಿವೃತ್ತಿಯ ನಂತರವೂ ಬೇರೆಯೇ. 'ಮಾಜಿ ಸೈನಿಕ' ಎಂಬುದು ಮೂರು ಸಶಸ್ತ್ರ ಪಡೆಗಳಿಂದ ಬಂದವರಿಗೆ ಇರುವ ಕಾನೂನಿನ ಮಾತು. ಪೊಲೀಸ್ ಪಡೆಗಳಿಂದ ನಿವೃತ್ತರಾದವರಿಗೆ ಕೇಂದ್ರ ಸರಕಾರ 2012ರಲ್ಲಿ 'ಎಕ್ಸ್ ಸಿಎಪಿಎಫ್' ಎಂಬ ಬೇರೆ ಗುರುತು ಕೊಟ್ಟಿದೆ. ಅಸ್ಸಾಂ ರೈಫಲ್ಸ್ ಎರಡರ ನಡುವಿನದ್ದು: ಆಡಳಿತ ಗೃಹ ಸಚಿವಾಲಯದ್ದು, ರ‍್ಯಾಂಕ್‌ಗಳು ಸೇನೆಯಂತೆ ರೈಫಲ್‌ಮನ್, ಹವಾಲ್ದಾರ್, ಸುಬೇದಾರ್.

ಇನ್ನು 'ಕ್ಯಾಪ್ಟನ್'. ಈ ಒಂದು ಶಬ್ದ ನಮ್ಮ ಜಿಲ್ಲೆಯಲ್ಲಿ ಮಾಡುವಷ್ಟು ಗೊಂದಲ ಬೇರೆ ಯಾವುದೂ ಮಾಡುವುದಿಲ್ಲ. ಕೋಟಿಕುಳಂ, ಪಾಲಕುನ್ನು, ಉದುಮ ಕಡೆ ಮನೆಗೊಬ್ಬರಂತೆ ಮರ್ಚೆಂಟ್ ನೇವಿಯವರು. ಸರಕು ಹಡಗಿನ ಮುಖ್ಯಸ್ಥರನ್ನೂ ಕ್ಯಾಪ್ಟನ್ ಎನ್ನುತ್ತಾರೆ, ಅದು ದೊಡ್ಡ ಜವಾಬ್ದಾರಿಯ ಕೆಲಸವೇ; ಆದರೆ ಮಿಲಿಟ್ರಿ ರ‍್ಯಾಂಕ್ ಅಲ್ಲ. ಹೆಸರಿನ ಕೆಳಗೆ 'ಮರ್ಚೆಂಟ್ ನೇವಿ' ಎಂಬ ಒಂದು ಸಾಲು ಸೇರಿಸಿದರೆ ಮುಗಿಯಿತು. ಭೂಸೇನೆಯ ಕ್ಯಾಪ್ಟನ್ ಎಂದರೆ ಸೇರಿ ಎರಡು ವರ್ಷ ಕಳೆದ ಯುವ ಅಧಿಕಾರಿ. ನೌಕಾಪಡೆಯ ಕ್ಯಾಪ್ಟನ್ ಭೂಸೇನೆಯ ಕರ್ನಲ್‌ಗೆ ಸಮ. ಏಳಿಮಲದ ನೌಕಾ ಅಕಾಡೆಮಿಯಿಂದ ಬಂದ ಕ್ಯಾಪ್ಟನ್ ಒಬ್ಬರನ್ನು ವೇದಿಕೆಯ ತುದಿಯಲ್ಲಿ, ಭೂಸೇನೆಯ ಮೇಜರ್ ಒಬ್ಬರಿಗಿಂತ ಕೆಳಗೆ ಕೂರಿಸಿದರೆ ಅದು ಎರಡು ಮೆಟ್ಟಿಲು ಇಳಿಸಿದ ಹಾಗೆ. ಅದಕ್ಕೇ ಕ್ಯಾಪ್ಟನ್, ಲೆಫ್ಟಿನೆಂಟ್ ಎಂಬ ಹೆಸರುಗಳ ಜೊತೆ ಪಡೆಯ ಹೆಸರು ಇರಲೇಬೇಕು.

ಕಾಲೇಜು, ಶಾಲೆಗಳ ಎನ್‌ಸಿಸಿ ನೋಡಿಕೊಳ್ಳುವ ಅಧ್ಯಾಪಕರಿಗೂ ಲೆಫ್ಟಿನೆಂಟ್, ಕ್ಯಾಪ್ಟನ್, ಮೇಜರ್ ಎಂಬ ರ‍್ಯಾಂಕ್ ಬರುತ್ತದೆ. ಹೈಸ್ಕೂಲಿನಲ್ಲಿ ಥರ್ಡ್ ಆಫೀಸರ್, ಸೆಕೆಂಡ್ ಆಫೀಸರ್, ಫಸ್ಟ್ ಆಫೀಸರ್. ಅವರು ಅದನ್ನು ನ್ಯಾಯವಾಗಿಯೇ ಬಳಸುತ್ತಾರೆ. 'ಎನ್‌ಸಿಸಿ' ಎಂಬ ಮೂರಕ್ಷರ ಬಿಟ್ಟುಹೋದಾಗ ಮಾತ್ರ ಓದುವವರು ದಾರಿ ತಪ್ಪುತ್ತಾರೆ. ಟೆರಿಟೋರಿಯಲ್ ಆರ್ಮಿಯೂ ಹೀಗೆಯೇ. ನಟ ಮೋಹನ್‌ಲಾಲ್ ಅವರಿಗೆ 2009ರಲ್ಲಿ ಅದರ ಗೌರವ ಲೆಫ್ಟಿನೆಂಟ್ ಕರ್ನಲ್ ರ‍್ಯಾಂಕ್ ಸಿಕ್ಕಿತು, ಕಣ್ಣೂರಿನ ಬೆಟಾಲಿಯನ್ನಿನ ನಂಟೂ ಬಂತು. ಆದರೆ ಟೆರಿಟೋರಿಯಲ್ ಆರ್ಮಿ ಎಂದರೆ ಬರೀ ಗೌರವದ ಪಡೆ ಎಂದು ತಿಳಿಯಬೇಡಿ. ಬೇರೆ ಕಸುಬು ಮಾಡುತ್ತ ವರ್ಷದಲ್ಲಿ ಇಷ್ಟು ಕಾಲ ಸಮವಸ್ತ್ರ ತೊಡುವ ನಿಜವಾದ ಸೈನಿಕರು ಅಲ್ಲಿದ್ದಾರೆ.

ಎರಡನೆಯ ಹೆಜ್ಜೆ: ರ‍್ಯಾಂಕನ್ನು ಕಾಗದ ನೋಡಿ ಬರೆದುಕೊಳ್ಳಿ

ಮನೆಯವರ ಬಾಯಿಂದ ಕೇಳಿ ಬರೆದುಕೊಂಡರೆ ಎಷ್ಟೋ ಸಲ ತಪ್ಪುತ್ತದೆ. ಅವರು ಸುಳ್ಳು ಹೇಳುತ್ತಾರೆಂದಲ್ಲ. ಚಿಕ್ಕಪ್ಪ ಮಿಲಿಟ್ರಿ ಬಿಟ್ಟು ಮೂವತ್ತು ವರ್ಷವಾಗಿ, ಮನೆಯಲ್ಲಿ 'ಮೇಜರ್ ಮಾವ' ಎಂದೇ ಕರೆದು, ಅವರು ಸುಬೇದಾರ್ ಮೇಜರ್ ಆಗಿದ್ದರು ಎನ್ನುವುದು ಮರೆತೇ ಹೋಗಿರುತ್ತದೆ. ನಿವೃತ್ತರಲ್ಲಿ ಡಿಸ್ಚಾರ್ಜ್ ಬುಕ್ ಇರುತ್ತದೆ, ಪಿಂಚಣಿಯ ಆದೇಶ ಪತ್ರ (ಪಿಪಿಒ) ಇರುತ್ತದೆ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಕೊಟ್ಟ ಗುರುತಿನ ಚೀಟಿ ಇರುತ್ತದೆ. 'ಅಣ್ಣ, ಕಾಗದದಲ್ಲಿ ಹೇಗಿದೆಯೋ ಹಾಗೇ ಹಾಕುವ, ಒಮ್ಮೆ ಓದಿ ಹೇಳಿ' ಎಂದರೆ ಯಾರೂ ಬೇಸರಿಸುವುದಿಲ್ಲ. ಚೀಟಿಯ ಫೋಟೊ ಮಾತ್ರ ವಾಟ್ಸ್ಆ್ಯಪಿನಲ್ಲಿ ಕೇಳಬೇಡಿ. ಕಾರಣ ಮುಂದೆ ಇದೆ.

ಭೂಸೇನೆಯ ಏಣಿ ಹೀಗೆ. ಕೆಳಗಿನಿಂದ ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್. ಅದರ ಮೇಲೆ ಜೆಸಿಒಗಳು, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರುಗಳು: ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಅದರ ಮೇಲೆ ಅಧಿಕಾರಿಗಳು: ಲೆಫ್ಟಿನೆಂಟ್, ಕ್ಯಾಪ್ಟನ್, ಮೇಜರ್, ಲೆಫ್ಟಿನೆಂಟ್ ಕರ್ನಲ್, ಕರ್ನಲ್, ಬ್ರಿಗೇಡಿಯರ್, ಮೇಜರ್ ಜನರಲ್, ಲೆಫ್ಟಿನೆಂಟ್ ಜನರಲ್, ಜನರಲ್.

ಸಿಪಾಯಿಯ ಮಟ್ಟದಲ್ಲಿ ಪ್ರತಿ ದಳಕ್ಕೂ ತನ್ನದೇ ಹೆಸರು. ಎಂಜಿನಿಯರುಗಳಲ್ಲಿ ಸ್ಯಾಪರ್, ತೋಪಿನ ದಳದಲ್ಲಿ ಗನ್ನರ್, ಸಿಗ್ನಲ್ಸ್‌ನಲ್ಲಿ ಸಿಗ್ನಲ್‌ಮನ್, ಯಂತ್ರ ದುರಸ್ತಿಯ ದಳವಾದ ಇಎಂಇಯಲ್ಲಿ ಕ್ರಾಫ್ಟ್ಸ್‌ಮನ್, ಟ್ಯಾಂಕಿನವರಲ್ಲಿ ಸವಾರ್. ಟ್ಯಾಂಕಿನ ದಳದಲ್ಲಿ ಹವಾಲ್ದಾರ್‌ಗೆ ದಫೇದಾರ್ ಎಂದೂ ಸುಬೇದಾರ್‌ಗೆ ರಿಸಾಲ್ದಾರ್ ಎಂದೂ ಹೆಸರು. 'ದಫೇದಾರ್' ಎಂದು ಓದಿದ ಕೂಡಲೇ ಕಲೆಕ್ಟರರ ಕಚೇರಿಯ ಪಟ್ಟೆ ತೊಟ್ಟ ಜವಾನ ನೆನಪಾಗಿ, ಡಿಟಿಪಿಯವರು ಅದನ್ನು ತೆಗೆದು 'ಹವಾಲ್ದಾರ್' ಮಾಡುತ್ತಾರೆ. ಮಾಡಬೇಡಿ.

2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದವರಿಗೆ 'ಅಗ್ನಿವೀರ' ಎನ್ನುವುದೇ ರ‍್ಯಾಂಕ್. ಅವರನ್ನು ಸಿಪಾಯಿ ಎಂದು ಬರೆಯುವುದು ಸರಿಯಲ್ಲ. ಅವಧಿ ನಾಲ್ಕು ವರ್ಷ. ನೂರರಲ್ಲಿ 25ರವರೆಗೆ ಆಯ್ದು ಖಾಯಂ ಮಾಡಿಕೊಳ್ಳುವ ನಿಯಮ. ಉಳಿದು ಮರಳುವವರಿಗೆ ಯೋಜನೆಯ ಪ್ರಕಾರ ಮಾಜಿ ಸೈನಿಕರ ಸ್ಥಾನ ಇಲ್ಲ. ಆದ್ದರಿಂದ ಸನ್ಮಾನ ಪತ್ರದಲ್ಲಿ 'ಮಾಜಿ ಸೈನಿಕ' ಎಂದು ಹಾಕುವ ಮೊದಲು ಯೋಚಿಸಿ. 'ಅಗ್ನಿವೀರರಾಗಿ ಸೇವೆ ಸಲ್ಲಿಸಿದ' ಎಂದರೆ ಮರ್ಯಾದೆಯೂ ಉಳಿಯುತ್ತದೆ, ಸತ್ಯವೂ.

ಒಂದು ವಿಷಯ ನಿಧಾನವಾಗಿ ತಿಳಿದುಕೊಳ್ಳಬೇಕು: ಆನರರಿ ರ‍್ಯಾಂಕ್. ಜನವರಿ 26 ಮತ್ತು ಆಗಸ್ಟ್ 15ರಂದು ಸೇನೆ ಆಯ್ದ ಜೆಸಿಒಗಳಿಗೆ ಆನರರಿ ಲೆಫ್ಟಿನೆಂಟ್, ಆನರರಿ ಕ್ಯಾಪ್ಟನ್ ರ‍್ಯಾಂಕ್ ಕೊಡುತ್ತದೆ. ಸಿಪಾಯಿಯಾಗಿ ಸೇರಿ, ಸೇವೆಯ ಕೊನೆಗೆ ಅಲ್ಲಿಗೆ ಮುಟ್ಟುವವರು ಕೆಲವೇ ಮಂದಿ. ಕಾರ್ಗಿಲ್‌ನ ಟೈಗರ್ ಹಿಲ್ ಹೋರಾಟಕ್ಕೆ ಪರಮವೀರ ಚಕ್ರ ಪಡೆದ ಯೋಗೇಂದ್ರ ಸಿಂಗ್ ಯಾದವ್ 1999ರಲ್ಲಿ ಗ್ರೆನೇಡಿಯರ್, ಅಂದರೆ ಸಿಪಾಯಿಯ ಮಟ್ಟದವರು. ಈಗ ಅವರ ಹೆಸರನ್ನು ಸುಬೇದಾರ್ ಮೇಜರ್, ಆನರರಿ ಕ್ಯಾಪ್ಟನ್ ಎಂದು ಬರೆಯುತ್ತಾರೆ. ಇದನ್ನು ಕನ್ನಡದಲ್ಲಿ 'ಗೌರವ ಕ್ಯಾಪ್ಟನ್' ಎಂದು ಮಾಡಿದರೆ, ಸಮಿತಿಯ 'ಗೌರವಾಧ್ಯಕ್ಷ'ರ ಪಕ್ಕದಲ್ಲಿ ಅದು ದೇಣಿಗೆ ಕೊಟ್ಟು ಪಡೆದ ಹಾಗೆ ಕಾಣುತ್ತದೆ. 'ಆನರರಿ ಕ್ಯಾಪ್ಟನ್' ಎಂದೇ ಬರೆಯಿರಿ. 'ಆನರರಿ' ಬಿಟ್ಟು ಬರೀ ಕ್ಯಾಪ್ಟನ್ ಎನ್ನುವುದೂ ಬೇಡ, ಅವರೇ ಒಪ್ಪುವುದಿಲ್ಲ.

ರ‍್ಯಾಂಕ್ ಬೇರೆ, ಹುದ್ದೆ ಬೇರೆ. ಕಂಪೆನಿ ಹವಾಲ್ದಾರ್ ಮೇಜರ್, ಅಡ್ಜುಟೆಂಟ್, ಕಮಾಂಡಿಂಗ್ ಆಫೀಸರ್ ಇವೆಲ್ಲ ಹುದ್ದೆಗಳು. ಹವಾಲ್ದಾರ್ ಮೇಜರ್ ಆಗಿದ್ದವರ ರ‍್ಯಾಂಕ್ ಹವಾಲ್ದಾರ್. ಹುದ್ದೆ ಹೇಳಬೇಕೆಂದಿದ್ದರೆ ಪರಿಚಯದ ಮಾತಿನಲ್ಲಿ ಹೇಳಿ, ಹೆಸರಿಗೆ ಅಂಟಿಸಬೇಡಿ.

ಸಂಶಯ ಬಂದಾಗ ವರ್ಷ ಎಣಿಸಿ. ಅಧಿಕಾರಿಯಾಗಿ ಸೇರಿದವರು ಲೆಫ್ಟಿನೆಂಟ್. ಸಾಮಾನ್ಯವಾಗಿ 2 ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್. ಕರ್ನಲ್ ಮತ್ತು ಮೇಲಿನದ್ದು ಆಯ್ಕೆಯಿಂದ. 28 ವರ್ಷದ ಮದುಮಗನಿಗೆ 'ಕರ್ನಲ್' ಎಂದು ಬರೆದು ಕೊಟ್ಟರೆ ಅಚ್ಚಿಗೆ ಕೊಡುವ ಮುಂಚೆ ಇನ್ನೊಮ್ಮೆ ಕೇಳಿ.

ಮೂರನೆಯ ಹೆಜ್ಜೆ: ಬರೆಯುವ ಕ್ರಮ

ರ‍್ಯಾಂಕ್ ಮೊದಲು, ಹೆಸರು ಆಮೇಲೆ, ಪದಕ ಅದರ ಬಳಿಕ, ನಿವೃತ್ತರಾದರೆ ಕಂಸದಲ್ಲಿ 'ನಿವೃತ್ತ' ಕೊನೆಗೆ. ಉದಾಹರಣೆಗೆ: ಸುಬೇದಾರ್ ರಾಮಕೃಷ್ಣ (ನಿವೃತ್ತ). 'ಸುಬೇದಾರ್ (ನಿವೃತ್ತ) ರಾಮಕೃಷ್ಣ' ಎಂದರೆ ರ‍್ಯಾಂಕೇ ನಿವೃತ್ತವಾದಂತೆ. ನಿವೃತ್ತರಾದದ್ದು ಮನುಷ್ಯ, ರ‍್ಯಾಂಕ್ ಅಲ್ಲ ಎಂಬುದು ಸೇನೆಯ ಲೆಕ್ಕ. ಮಾತನಾಡುವಾಗ, ಸುದ್ದಿ ಬರೆಯುವಾಗ 'ನಿವೃತ್ತ ಸುಬೇದಾರ್ ರಾಮಕೃಷ್ಣ' ಎನ್ನುವುದು ಕನ್ನಡದ ಜಾಯಮಾನ, ಅದನ್ನು ಯಾರೂ ತಪ್ಪು ಎನ್ನಲಾರರು. ಆಮಂತ್ರಣ, ಫಲಕ, ಸನ್ಮಾನ ಪತ್ರದಲ್ಲಿ ಮಾತ್ರ ಸೇನೆಯ ಕ್ರಮ ಇರಲಿ. 'ಮಾಜಿ ಸುಬೇದಾರ್' ಬೇಡ. 'ಮಾಜಿ ಸೈನಿಕರು' ಎಂದು ಗುಂಪಿಗೆ ಹೇಳುವುದು ಸರಿ; ಒಬ್ಬರ ರ‍್ಯಾಂಕಿಗೆ 'ಮಾಜಿ' ಸೇರಿದರೆ ಚುನಾವಣೆ ಸೋತ ಶಾಸಕರ ಹಾಗೆ ಕೇಳುತ್ತದೆ.

ರ‍್ಯಾಂಕ್ ಇದ್ದಲ್ಲಿ 'ಶ್ರೀ' ಇಲ್ಲ. 'ಶ್ರೀ ಕರ್ನಲ್' ಎಂದೂ 'ಕರ್ನಲ್ ಶ್ರೀ' ಎಂದೂ ಬೇಡ. ಗೌರವ ಕಡಿಮೆಯಾಯಿತೆಂದು ಅನ್ನಿಸಿದರೆ ಕೊನೆಗೆ 'ಅವರು' ಇದೆಯಲ್ಲ. ವೈದ್ಯರಾದರೆ ರ‍್ಯಾಂಕ್ ಮೊದಲು: ಮೇಜರ್ (ಡಾ.) ಇಂಥವರು.

ಗಂಡನ ರ‍್ಯಾಂಕ್ ಹೆಂಡತಿಗೆ ಬರುವುದಿಲ್ಲ. 'ಶ್ರೀಮತಿ ಮೇಜರ್' ಎಂಬ ಪ್ರಯೋಗ ಎಲ್ಲೂ ಇಲ್ಲ. 'ಮೇಜರ್ ರಘುರಾಮ ಮತ್ತು ಶ್ರೀಮತಿ ಸುಮಾ'. ಹೆಂಡತಿಯೇ ಅಧಿಕಾರಿಯಾದರೆ 'ಮೇಜರ್ ಸುಮಾ ಮತ್ತು ಶ್ರೀ ರಘುರಾಮ', ಇಲ್ಲಿ ಗಂಡನ ಹೆಸರು ಮೊದಲು ಬರಬೇಕೆಂಬ ಹಿರಿಯರ ಹಟವಿದ್ದರೆ ಹೆಸರು ಆಚೀಚೆ ಮಾಡಿ, ಆದರೆ ಆಕೆಯ ರ‍್ಯಾಂಕ್ ಕೀಳಬೇಡಿ. ಮಿಲಿಟರಿ ನರ್ಸಿಂಗ್ ಸರ್ವಿಸ್‌ನವರ ವಿಷಯದಲ್ಲಿ ಈ ತಪ್ಪು ಹೆಚ್ಚು. ಅವರು ಲೆಫ್ಟಿನೆಂಟ್ ರ‍್ಯಾಂಕಿನಿಂದ ಶುರುವಾಗುವ ಅಧಿಕಾರಿಗಳು. ಕಾಗದದಲ್ಲಿ 'ಸಿಸ್ಟರ್' ಎಂದು ಬರುತ್ತದೆ.

ಸಂಕ್ಷೇಪ ಪೂರ್ತಿ ಬಿಡಿ. 'ಮೇ.' ಎಂದರೆ ತಿಂಗಳೋ, ಮೇಜರೋ, ಅಂಗಡಿಯ ಹೆಸರಿನ ಮುಂದಿನ 'ಮೆ.'ಯೋ? 'ಕ್ಯಾ.', 'ಹ.', 'ಲೆ.ಕ.' ಇವು ಬರೆದವರಿಗೆ ಮಾತ್ರ ಅರ್ಥ. ಜಾಗ ಸಾಲದಿದ್ದರೆ ಅಕ್ಷರ ಒಂದು ಪಾಯಿಂಟ್ ಸಣ್ಣ ಮಾಡಿ.

ಎರಡು ಭಾಷೆಯ ಕಾಗದ

ನಮ್ಮಲ್ಲಿ ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ ಇರುವ ನೋಟೀಸು ಮಾಮೂಲು. ಮಲಯಾಳದ ಪ್ರತಿಯನ್ನು ಅಕ್ಷರಕ್ಕೆ ಅಕ್ಷರ ಕನ್ನಡಕ್ಕೆ ಇಳಿಸಿದಾಗ ಆಗುವ ಅನಾಹುತಗಳು ಬೇರೆ ಜಿಲ್ಲೆಯವರಿಗೆ ಗೊತ್ತಿರಲಿಕ್ಕಿಲ್ಲ. ಮಲಯಾಳದ 'ಕೇಣಲ್' ನಮಗೆ ಕರ್ನಲ್. 'ರಿಟ್ಟ.' ಎಂದರೆ ನಿವೃತ್ತ. 'ವಿಮುಕ್ತಭಟನ್' ಎಂದರೆ ಮಾಜಿ ಸೈನಿಕ. ಹಾಗೇ ಬಿಟ್ಟರೆ ಕನ್ನಡದಲ್ಲಿ ಜೈಲಿನಿಂದ ಬಿಡುಗಡೆಯಾದವರಂತೆ ಕಾಣುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮಲಯಾಳದಲ್ಲಿ 'ನಾಯಿಕ್' ಎಂದು ಬರೆಯುವ ರ‍್ಯಾಂಕ್. ಅದು ಕನ್ನಡಕ್ಕೆ 'ಲ್ಯಾನ್ಸ್ ನಾಯಿಕ್' ಎಂದು ಇಳಿದು ಅಚ್ಚಾದರೆ ಆ ಕಾಗದವನ್ನು ಹಂಚುವಂತಿಲ್ಲ.

ನಾಯಕ್ ಎಂಬ ರ‍್ಯಾಂಕಿಗೆ ಇನ್ನೊಂದು ತೊಡಕಿದೆ. ನಾಯ್ಕ, ನಾಯಕ್ ನಮ್ಮ ಊರಿನ ಮರಾಟಿಗಳ, ಕೊಂಕಣಿಗರ ಮನೆಹೆಸರೂ ಹೌದು. 'ರಾಮ ನಾಯ್ಕ' ಎಂದರೆ ಹೆಸರು. 'ನಾಯಕ್ ರಾಮ ನಾಯ್ಕ' ಎಂದರೆ ಮೊದಲನೆಯದು ರ‍್ಯಾಂಕ್. ಡಿಟಿಪಿಯವರು 'ಎರಡು ಸಲ ಬಂದಿದೆ' ಎಂದು ಒಂದನ್ನು ಕಿತ್ತು ಹಾಕುತ್ತಾರೆ. ಬರೆದು ಕೊಡುವಾಗಲೇ ರ‍್ಯಾಂಕಿಗೆ ಕೆಂಪು ಗೆರೆ ಎಳೆದು, ಹೆಸರಿನ ಕೆಳಗೆ 'ಭಾರತೀಯ ಭೂಸೇನೆ' ಎಂದು ಸೇರಿಸಿ ಕೊಡಿ.

ಇಂಗ್ಲಿಷಿನಿಂದ ಮೊಬೈಲಿನಲ್ಲಿ ಅನುವಾದ ಮಾಡಿಸಿದರೆ ಮೇಜರ್ 'ಪ್ರಮುಖ' ಆಗುತ್ತಾರೆ, ಜನರಲ್ 'ಸಾಮಾನ್ಯ' ಆಗುತ್ತಾರೆ, ಕ್ಯಾಪ್ಟನ್ 'ನಾಯಕ' ಆಗಿ ನಾಲ್ಕಾರು ಮೆಟ್ಟಿಲು ಕೆಳಗೆ ಬೀಳುತ್ತಾರೆ. ರ‍್ಯಾಂಕನ್ನು ಅನುವಾದಿಸಬಾರದು, ಉಚ್ಚಾರ ಇದ್ದಂತೆ ಬರೆಯಬೇಕು. ಇಂಗ್ಲಿಷ್ ಅಕ್ಷರ ನೋಡಿ 'ಕೊಲೊನೆಲ್' ಎಂದು ಬರೆಯುವವರು ಈಗಲೂ ಇದ್ದಾರೆ.

ಪದಕಗಳು

ಹೆಸರಿನ ಬಳಿಕ ಬರೆಯುವುದು ಶೌರ್ಯ ಪದಕ ಮತ್ತು ವಿಶಿಷ್ಟ ಸೇವಾ ಪದಕ ಮಾತ್ರ: ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ, ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ, ಸೇನಾ ಪದಕ, ಪರಮ ವಿಶಿಷ್ಟ ಸೇವಾ ಪದಕ ಮುಂತಾದವು. ಇಷ್ಟು ವರ್ಷ ಸೇವೆಗೆ, ಇಂಥ ಕಡೆ ಇದ್ದುದಕ್ಕೆ ಸಿಗುವ ಪದಕಗಳು ಎದೆಯ ಮೇಲೆ ಮಾತ್ರ, ಹೆಸರಿಗೆ ಅಲ್ಲ. ಒಂದಕ್ಕಿಂತ ಹೆಚ್ಚಿದ್ದರೆ ಯಾವುದು ಮೊದಲೆಂಬುದಕ್ಕೆ ಸರಕಾರದ ಕ್ರಮವಿದೆ. ಅವರು ತಮ್ಮ ಸಹಿಯ ಕೆಳಗೆ ಬರೆಯುವ ಕ್ರಮವನ್ನೇ ನಕಲು ಮಾಡಿ.

ಪದ್ಮ ಪ್ರಶಸ್ತಿಯ ವಿಷಯ ಇದಕ್ಕೆ ತದ್ವಿರುದ್ಧ. ಸಂವಿಧಾನದ 18ನೆಯ ವಿಧಿ ಸರಕಾರ ಬಿರುದು ಕೊಡುವುದನ್ನು ನಿಷೇಧಿಸಿ, ಸೈನಿಕ ಮತ್ತು ವಿದ್ಯಾ ಸಂಬಂಧದ ಗೌರವಗಳಿಗೆ ಮಾತ್ರ ವಿನಾಯಿತಿ ಕೊಟ್ಟಿದೆ. ಭಾರತರತ್ನ, ಪದ್ಮ ಪ್ರಶಸ್ತಿಗಳನ್ನು ಹೆಸರಿಗೆ ಹಿಂದೆ ಮುಂದೆ ಸೇರಿಸಬಾರದೆಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ನಮ್ಮ ಆಮಂತ್ರಣಗಳಲ್ಲಿ ಪದ್ಮಶ್ರೀ ಹೆಸರಿನ ಮೊದಲೇ ಇರುತ್ತದೆ, ವೀರ ಚಕ್ರ ಎಲ್ಲೂ ಇರುವುದಿಲ್ಲ.

ವೇದಿಕೆಯಲ್ಲಿ, ಮಾತಿನಲ್ಲಿ

ಅಧಿಕಾರಿಗಳಿಗೆ 'ಸರ್', ಮಹಿಳಾ ಅಧಿಕಾರಿಗಳಿಗೆ 'ಮೇಡಂ'. ಜೆಸಿಒಗಳಿಗೆ ಸೇನೆಯೊಳಗೆ 'ಸಾಹೇಬ್': ಸುಬೇದಾರ್ ಸಾಹೇಬ್, ರಿಸಾಲ್ದಾರ್ ಸಾಹೇಬ್. ಅಧಿಕಾರಿಗಳೂ ಅವರನ್ನು ಹಾಗೇ ಕರೆಯುತ್ತಾರೆ. ನಿರೂಪಕರು ಒಮ್ಮೆ 'ಸುಬೇದಾರ್ ಸಾಹೇಬರು' ಎಂದರೆ ಆ ಮುಖ ಅರಳುವುದನ್ನು ನೋಡಿ. ಲೆಫ್ಟಿನೆಂಟ್ ಕರ್ನಲ್ ಅವರನ್ನು ಮಾತಿನಲ್ಲಿ 'ಕರ್ನಲ್' ಎನ್ನುವುದು ರೂಢಿ, ಮೇಜರ್ ಜನರಲ್ ಅವರನ್ನು 'ಜನರಲ್' ಎನ್ನುವುದೂ ರೂಢಿ. ಬರಹದಲ್ಲಿ ಪೂರ್ತಿ ರ‍್ಯಾಂಕ್ ಬೇಕು. ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಅವರನ್ನು ಕ್ಯಾಪ್ಟನ್ ಎಂದಾಗಲಿ, ವಿಂಗ್ ಕಮಾಂಡರ್ ಅವರನ್ನು ಕಮಾಂಡರ್ ಎಂದಾಗಲಿ ಮೊಟಕು ಮಾಡುವಂತಿಲ್ಲ.

ಊರಿನ ಸಂಬಂಧ ಅದಕ್ಕಿಂತ ಹಳೆಯದು. ಮನೆಯ ಜಗಲಿಯಲ್ಲಿ ಅವರು ಅಣ್ಣ, ಭಾವ, ಮಾವ. ಮೈಕಿನಲ್ಲಿ ಮಾತ್ರ ರ‍್ಯಾಂಕ್. ಸೆಲ್ಯೂಟ್ ಹೊಡೆಯುವ ಅಗತ್ಯ ನಾಗರಿಕರಿಗೆ ಇಲ್ಲ, ಕೈಮುಗಿದರೆ ಸಾಕು. 'ಜೈ ಹಿಂದ್' ಎಂದರೆ ಉತ್ತರ ಖಂಡಿತ ಬರುತ್ತದೆ.

ಮೂರು ಪಡೆಯವರು ಒಟ್ಟಿಗೆ ಇದ್ದರೆ ಆಸನದ ಕ್ರಮಕ್ಕೆ ಈ ಸಮಾನತೆ ನೋಡಿ (ಪ್ರತಿ ಸಾಲಿನಲ್ಲೂ ಮೊದಲು ಭೂಸೇನೆ, ಆಮೇಲೆ ನೌಕಾಪಡೆ, ಕೊನೆಗೆ ವಾಯುಪಡೆ):

ಹವಾಲ್ದಾರ್, ಪೆಟಿ ಆಫೀಸರ್, ಸಾರ್ಜೆಂಟ್ ಸಮ.
ನಾಯಬ್ ಸುಬೇದಾರ್, ಚೀಫ್ ಪೆಟಿ ಆಫೀಸರ್, ಜೂನಿಯರ್ ವಾರಂಟ್ ಆಫೀಸರ್ ಸಮ.
ಭೂಸೇನೆಯ ಕ್ಯಾಪ್ಟನ್, ನೌಕಾಪಡೆಯ ಲೆಫ್ಟಿನೆಂಟ್, ಫ್ಲೈಟ್ ಲೆಫ್ಟಿನೆಂಟ್ ಸಮ.
ಮೇಜರ್, ಲೆಫ್ಟಿನೆಂಟ್ ಕಮಾಂಡರ್, ಸ್ಕ್ವಾಡ್ರನ್ ಲೀಡರ್ ಸಮ.
ಲೆಫ್ಟಿನೆಂಟ್ ಕರ್ನಲ್, ಕಮಾಂಡರ್, ವಿಂಗ್ ಕಮಾಂಡರ್ ಸಮ.
ಕರ್ನಲ್, ನೌಕಾಪಡೆಯ ಕ್ಯಾಪ್ಟನ್, ಗ್ರೂಪ್ ಕ್ಯಾಪ್ಟನ್ ಸಮ.
ಬ್ರಿಗೇಡಿಯರ್, ಕಮೊಡೋರ್, ಏರ್ ಕಮೊಡೋರ್ ಸಮ.

ಮಕ್ಕಳ ಛದ್ಮವೇಷಕ್ಕೆ ಸೈನಿಕನ ಉಡುಗೆ ಹಾಕಿಸುವುದರಲ್ಲಿ ತಪ್ಪಿಲ್ಲ. ನಿಜವಾದ ಸೈನಿಕನೆಂದು ನಂಬಿಸುವ ಉದ್ದೇಶದಿಂದ ದೊಡ್ಡವರು ತೊಟ್ಟರೆ ಮಾತ್ರ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 168ನೆಯ ಕಲಮಿನಲ್ಲಿ 3 ತಿಂಗಳವರೆಗೆ ಸಜೆ ಇದೆ.

ನಾಲ್ಕನೆಯ ಹೆಜ್ಜೆ: ಸೇವೆಯಲ್ಲಿರುವವರ ವಿವರ ಮುಚ್ಚುವುದು

ನಿವೃತ್ತರ ರೆಜಿಮೆಂಟನ್ನು ಹೆಮ್ಮೆಯಿಂದ ಬರೆಯಿರಿ. 1758ರಿಂದ ಬಂದ ಮದ್ರಾಸ್ ರೆಜಿಮೆಂಟಿನವರು ಅಂತ ಹೇಳಿಕೊಂಡರೆ ಯಾರಿಗೂ ನಷ್ಟವಿಲ್ಲ. ಈಗ ಸೇವೆಯಲ್ಲಿ ಇರುವವರದ್ದಾದರೆ 'ಭಾರತೀಯ ಭೂಸೇನೆ' ಎಂಬಲ್ಲಿಗೆ ನಿಲ್ಲಿಸಿ. ಮದುವೆ ಕಾಗದ, ಗೃಹಪ್ರವೇಶ, ಫ್ಲೆಕ್ಸ್, ಸ್ಟೇಟಸ್ ಎಲ್ಲಕ್ಕೂ ಇದೇ ಅಳತೆ. ಬರೆಯಬಾರದ್ದು: ಯೂನಿಟ್ ಅಥವಾ ಹಡಗಿನ ಹೆಸರು, ಬೆಟಾಲಿಯನ್ ಸಂಖ್ಯೆ, ಸೇವಾ ಸಂಖ್ಯೆ, ಇರುವ ಜಾಗ, ಮುಂದೆ ಹೋಗುವ ಜಾಗ, ರಜೆ ಶುರು ಮತ್ತು ಕೊನೆ, ಪ್ರಯಾಣದ ರೈಲು.

ಒಂದೊಂದು ವಿವರ ಬಿಡಿಯಾಗಿ ನೋಡಿದರೆ ಏನೂ ಅಲ್ಲ. ಒಂದು ಊರಿನ ಫ್ಲೆಕ್ಸಿನಲ್ಲಿ ಬೆಟಾಲಿಯನ್ ಹೆಸರು, ಇನ್ನೊಂದು ಊರಿನ ಸ್ಟೇಟಸ್‌ನಲ್ಲಿ ಅದೇ ಬೆಟಾಲಿಯನ್ 'ನಾಡಿದ್ದು ಇಂಥ ಕಡೆಗೆ' ಎಂಬ ಸಾಲು, ಇವೆರಡನ್ನು ಕೂಡಿಸಿ ನೋಡುವವರು ಇದ್ದಾರೆ. ಭೂಸೇನೆ 2020ರ ಜುಲೈಯಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಮೊಬೈಲಿನಿಂದ ತೆಗೆಯಲು ತನ್ನವರಿಗೆ ಸೂಚಿಸಿದ್ದು ಸುಮ್ಮನೆ ಅಲ್ಲ. ಹುಡುಗ ತನ್ನ ಮೊಬೈಲಿನಲ್ಲಿ ಅಷ್ಟು ಎಚ್ಚರ ವಹಿಸುವಾಗ ಕ್ಲಬ್ಬಿನ ಗೆಳೆಯರು ಅವನ ಪರವಾಗಿ ಎಲ್ಲವನ್ನೂ ಹಾಕಿದರೆ ವಿವರಣೆ ಕೊಡಬೇಕಾಗುವುದು ಅವನೇ.

ಫೋಟೊ ಹಾಕುವಾಗ ನೋಡಬೇಕಾದ್ದು ಮುಖವಲ್ಲ, ತೋಳು. ಭುಜದ ಮೇಲಿನ ಪಟ್ಟಿ, ತೋಳಿನ ಗುರುತು, ಟೊಪ್ಪಿಯ ಬ್ಯಾಡ್ಜ್ ಯೂನಿಟ್ಟನ್ನೂ ಡಿವಿಷನ್ನನ್ನೂ ಹೇಳುತ್ತವೆ. ಹಿನ್ನೆಲೆಯ ಬೋರ್ಡು, ವಾಹನದ ನಂಬರು, ಬೆಟ್ಟದ ಸಾಲು ಉಳಿದದ್ದನ್ನು ಹೇಳುತ್ತವೆ. ಸನ್ಮಾನದ ಫ್ಲೆಕ್ಸಿಗೆ ಪಂಚೆ ಶರ್ಟಿನ ಫೋಟೊ ಕೇಳಿ ಪಡೆಯುವುದು ಎಲ್ಲಕ್ಕಿಂತ ಸುಲಭ. ಫೋನಿನ ಕ್ಯಾಮರಾ ಸೆಟ್ಟಿಂಗಿನಲ್ಲಿ ಲೊಕೇಷನ್ ಬಂದ್ ಮಾಡಿ. ವಾಟ್ಸ್ಆ್ಯಪಿನಲ್ಲಿ ಫೋಟೊವನ್ನು 'ಡಾಕ್ಯುಮೆಂಟ್' ಆಗಿ ಕಳಿಸಿದರೆ ತೆಗೆದ ಜಾಗದ ಗುರುತೂ ಜೊತೆಗೆ ಹೋಗುತ್ತದೆ. ಫ್ಲೆಕ್ಸಿನವರು 'ಕ್ಲಿಯರ್ ಇರಲಿ' ಎಂದು ಕೇಳುವುದೇ ಹಾಗೆ. ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕಳಿಸಿ.

ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡಿನ ಫೋಟೊ ಗುಂಪಿನಲ್ಲಿ ಹಾಕಲೇಬಾರದು, ನಿವೃತ್ತರದ್ದೂ ಕೂಡ. 'ನಾನು ಆರ್ಮಿಯಲ್ಲಿ ಇದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಸ್ಕೂಟರ್ ಕಡಿಮೆಗೆ ಕೊಡುತ್ತೇನೆ' ಅಥವಾ 'ನಿಮ್ಮ ಬಾಡಿಗೆ ಮನೆ ಬೇಕು, ಈ ಕ್ಯೂಆರ್ ಸ್ಕ್ಯಾನ್ ಮಾಡಿ' ಎಂದು ದುಡ್ಡು ಎತ್ತುವವರು ನಂಬಿಸಲು ತೋರಿಸುವುದು ಇಂಥ ಫೋಟೊಗಳನ್ನೇ. ದುಡ್ಡು ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡುವ ಅಗತ್ಯ ಎಂದಿಗೂ ಇಲ್ಲ.

ಮನೆಗೆ ಬರುವ ಫೋನುಗಳಿಗೆ ತಂದೆತಾಯಿಯನ್ನು ಸಜ್ಜು ಮಾಡಿ. 'ರೆಕಾರ್ಡ್ ಆಫೀಸಿನಿಂದ, ಮಗ ಈಗ ಯಾವ ಯೂನಿಟ್, ಯಾವ ಕಡೆ' ಎಂದು ಹಿಂದಿಯಲ್ಲಿ ಕೇಳಿದರೆ ಉತ್ತರ ಒಂದೇ: 'ಅವನನ್ನೇ ಕೇಳಿ'. ಅವನು ಎಲ್ಲಿದ್ದಾನೆಂಬುದು ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಮನೆಯವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಅಂಚೆಯಲ್ಲಿ ಕಾಗದ ಕಳಿಸುವುದು

ಸೈನಿಕರ ವಿಳಾಸದಲ್ಲಿ ಊರು ಇಲ್ಲದಿರುವುದು ಮರೆವಿನಿಂದ ಅಲ್ಲ. ಸೇವಾ ಸಂಖ್ಯೆ, ರ‍್ಯಾಂಕ್, ಹೆಸರು, ಯೂನಿಟ್, 9ರಿಂದ ಶುರುವಾಗುವ ಪಿನ್, ಕೇರ್ ಆಫ್ 56 ಎಪಿಒ ಅಥವಾ 99 ಎಪಿಒ (ಎಪಿಒ ಎಂದರೆ ಸೇನೆಯ ಅಂಚೆ ಕಚೇರಿ). 56ರದ್ದು ದೆಹಲಿಯ ಮೂಲಕ, 99ರದ್ದು ಕೋಲ್ಕತ್ತದ ಮೂಲಕ ಸೇನೆಯ ಅಂಚೆಗೆ ಸೇರುತ್ತದೆ. 'ಬೇಗ ಮುಟ್ಟಲಿ' ಎಂದು ಕೆಳಗೆ 'ಲೇಹ್' ಎಂದು ಬರೆದರೆ ಇಡೀ ಏರ್ಪಾಟಿನ ಉದ್ದೇಶವೇ ಕೆಟ್ಟುಹೋಗುತ್ತದೆ, ಕಾಗದವೂ ತಡವಾಗುತ್ತದೆ. ಬೇರೆಡೆಯಲ್ಲಿ ವಿಂಗಡಣೆ ಆಗುವುದರಿಂದ ವಿಳಾಸ ಇಂಗ್ಲಿಷಿನಲ್ಲಿ ಇರಲಿ. ಖಾಸಗಿ ಕೊರಿಯರ್ ಎಪಿಒಗೆ ಹೋಗುವುದಿಲ್ಲ. ಸ್ಪೀಡ್ ಪೋಸ್ಟ್ ಮಾಡಿ, ಒಂದು ತಿಂಗಳು ಮುಂಚೆ. ಸೇವಾ ಸಂಖ್ಯೆ ಲಕೋಟೆಯ ಮೇಲೆ ಮಾತ್ರ. ಆ ಲಕೋಟೆಯ ಫೋಟೊ ತೆಗೆದು 'ಗಡಿ ಕಾಯುವ ತಮ್ಮನಿಗೆ ಮೊದಲ ಹೇಳಿಕೆ' ಎಂದು ಸ್ಟೇಟಸ್ ಹಾಕುವವರಿಗೆ ಏನು ಹೇಳುವುದು!

ಮರಣದ ಸುದ್ದಿ, ಸ್ಮಾರಕ

ಸೇವೆಯಲ್ಲಿ ಇದ್ದವರು ತೀರಿಕೊಂಡರೆ ಸೇನೆ ಮನೆಯವರಿಗೆ ತಿಳಿಸಿ, ಹೆಸರನ್ನು ಅಧಿಕೃತವಾಗಿ ಪ್ರಕಟಿಸುವವರೆಗೆ ಯಾವ ಗುಂಪಿನಲ್ಲೂ ಹೆಸರು, ಫೋಟೊ, ಮನೆಯ ದಾರಿ ಹಾಕಬೇಡಿ. ತಾಯಿಗೆ ಗೊತ್ತಾಗುವ ಮೊದಲು ಅಂಗಳದಲ್ಲಿ ಕ್ಯಾಮರಾ ಬಂದು ನಿಲ್ಲುವುದು ಈ ಅವಸರದಿಂದಲೇ. ಫಲಕದಲ್ಲಿ ರ‍್ಯಾಂಕ್, ಹೆಸರು, ರೆಜಿಮೆಂಟ್, ದಿನಾಂಕ ಇರಲಿ. ರ‍್ಯಾಂಕಿನ ಮುಂದೆ 'ದಿ.' ಬೇಡ. 'ಹುತಾತ್ಮ' ನಮ್ಮ ನುಡಿಯ ಗೌರವದ ಮಾತು, ಬಳಸಬಹುದು. ಸೇನೆಯ ಅಧಿಕೃತ ಬರಹದಲ್ಲಿ ಆ ಪದವಿಲ್ಲ, ಆದ್ದರಿಂದ ಅರ್ಜಿ, ಸರಕಾರಿ ಪತ್ರಗಳಲ್ಲಿ ಅವರ ದಾಖಲೆಯಲ್ಲಿ ಇರುವ ಶಬ್ದವನ್ನೇ ಬರೆಯಿರಿ. ಪೆಟ್ಟಿಗೆಗೆ ಹೊದಿಸಿದ ರಾಷ್ಟ್ರಧ್ವಜದ ಕೇಸರಿ ತಲೆಯ ಕಡೆಗೆ ಇರಬೇಕು. ಧ್ವಜವನ್ನು ಗುಂಡಿಗೂ ಚಿತೆಗೂ ಹಾಕುವಂತಿಲ್ಲ. ಅಪ್ಪನ ಅಥವಾ ಗಂಡನ ಪದಕವನ್ನು ಮನೆಯವರು ಧರಿಸುವುದಾದರೆ ಎದೆಯ ಬಲಬದಿಗೆ. ಗಳಿಸಿದವರದ್ದು ಎಡಬದಿಗೆ.

ಅಚ್ಚಿಗೆ ಮುಂಚೆ, ಅಚ್ಚಾದ ಮೇಲೆ

ಪ್ರೂಫನ್ನು ಮಿಲಿಟ್ರಿಯವರಿಗೇ ತೋರಿಸಿ, ಅವರ ಹೆಸರಿನ ಸಾಲು ಮಾತ್ರ ಆದರೂ ಸಾಕು. ಕನ್ನಡ ಪುಟ, ಮಲಯಾಳ ಪುಟ ಎರಡನ್ನೂ ಬೇರೆ ಬೇರೆಯಾಗಿ ಓದಿಸಿ; ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಹಾಗೇ ಉಳಿದಿರುತ್ತದೆ. ಅಚ್ಚಾದ ಮೇಲೆ ರ‍್ಯಾಂಕ್ ಕಡಿಮೆ ಬಂದದ್ದು ಕಂಡರೆ ಅವರ ಮನೆಗೆ ಕೊಡುವ ಪ್ರತಿಯಲ್ಲಿ ಪೆನ್ನಿನಲ್ಲಿ ತಿದ್ದಿ, ವೇದಿಕೆಯಲ್ಲಿ ಸರಿಯಾಗಿ ಹೇಳಿ. ಹೆಚ್ಚು ಬಂದಿದ್ದರೆ ಅವರಿಗೆ ಆಗಲೇ ಫೋನು ಮಾಡಿ ತಿಳಿಸಿ, ಯಾಕೆಂದರೆ ಅವರ ಹಳೆಯ ಯೂನಿಟ್ಟಿನ ಗೆಳೆಯರ ಎದುರು ನಾಚಬೇಕಾಗುವುದು ಅವರೇ. ಸೇವೆಯಲ್ಲಿ ಇರುವವರ ಯೂನಿಟ್ ಹೆಸರು ಅಚ್ಚಾಗಿಬಿಟ್ಟಿದ್ದರೆ ಪೆನ್ನಿನ ತಿದ್ದುಪಡಿ ಸಾಲದು. ಆ ಸಾಲಿನ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿ, ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇರುವ ಫೈಲನ್ನೂ ತಿದ್ದಿಸಿ; ಮುಂದಿನ ವರ್ಷದ ವಾರ್ಷಿಕೋತ್ಸವಕ್ಕೆ ಅದೇ ಫೈಲನ್ನು ತೆರೆದು ಬರೀ ತಾರೀಕು ಬದಲಿಸುತ್ತಾರೆ.